ಕೆಂಪು ಬಾಳೆಯ ಬುಟ್ಟಿಗೊಂದು ನಿಯಮ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಲಿನವನು ಹೇಳುತ್ತಾನೆ, ಗುಡಿಯ ಪೂಜಾರಿ ಹೇಳುತ್ತಾರೆ, ನಮ್ಮ ಅತ್ತೆಯಂತೂ ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳುತ್ತಾರೆ. ಬರುತ್ತದೆ, ಏನೀಗ? ಆದರೆ ಆ ಬೆಳಿಗ್ಗೆ ಕಮಲಾಪುರದ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದಿನ ಗಾಜಿಗೆ ಅಂಟಿಸಿದ್ದ ಪ್ರಕಟಣೆ ಓದಿದಾಗ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಮೈ ಜುಮ್ಮೆಂದಿತು. ಎರಡೂ ಒಂದೇ ಕಾಗದದಿಂದ.

ಸಿಟ್ಟು ಬಂದದ್ದು ಮೇಲಿನ ಭಾಗ ಓದಿ. ಇನ್ನು ಮುಂದೆ ಪ್ರಯಾಣಿಕರ ಬಸ್ಸಿನ ಒಳಗೆ ಹಣ್ಣು, ತರಕಾರಿ, ಸೊಪ್ಪಿನ ಬುಟ್ಟಿ ಮತ್ತು ಗಂಟುಗಳನ್ನು ಒಯ್ಯುವಂತಿಲ್ಲ, ಅವೆಲ್ಲ ಬಸ್ಸಿನ ಮೇಲೆ ಅಥವಾ ಹಿಂದಿನ ಡಿಕ್ಕಿಯಲ್ಲಿ ಹೋಗತಕ್ಕದ್ದು ಎಂದಿತ್ತು. ಮೈ ಜುಮ್ಮೆಂದದ್ದು ಕೆಳಗಿನ ಸಣ್ಣ ಅಕ್ಷರ ಓದಿ. ಇದು ಕರಡು ನಿಯಮ, ಇದರಿಂದ ತೊಂದರೆಯಾಗುವ ಯಾರೇ ಆಗಲಿ ಒಂದು ತಿಂಗಳೊಳಗೆ ಆಕ್ಷೇಪಣೆ ಅಥವಾ ಸಲಹೆ ಕೊಡಬಹುದು, ಕಮಲಾಪುರದಲ್ಲೂ ಕಲಬುರಗಿಯಲ್ಲೂ ಸಾರ್ವಜನಿಕ ಸಭೆ ನಡೆಯುತ್ತದೆ! ಯಾರೇ ಆಗಲಿ ಅಂದರೆ ನಾನೂ ಬಂದೆ. ಹುಟ್ಟಿದಾಗಿನಿಂದ ಸರ್ಕಾರ ನಮಗೆ ಹೇಳುವುದನ್ನು ಕೇಳಿದ್ದೆನೇ ಹೊರತು, ನಮ್ಮನ್ನು ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನಾನು ಕಮಲಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಬ್ರಹ್ಮಪುರದಿಂದ ಹೋಗಿ ಬರುವುದು. ನಾನು ಕಮಲಾಪುರದಲ್ಲಿ ಇಳಿಯುತ್ತಿದ್ದಂತೆ ಅದೇ ಬಸ್ಸು ತಿರುಗಿ ಕಲಬುರಗಿಗೆ ಹೊರಡುತ್ತದೆ, ಅದನ್ನು ಹತ್ತಲು ಒಬ್ಬಾಕೆ ಕೆಂಪು ಬಾಳೆಯ ಬುಟ್ಟಿ ಹಿಡಿದು ನಿಂತಿರುತ್ತಾಳೆ. ಕಲಬುರಗಿ ಕೋಟೆಯ ಹತ್ತಿರ ರಸ್ತೆ ಬದಿಗೆ ಅವಳದೊಂದು ಕಾಯಂ ಜಾಗ. ನಾನು ಇಳಿಯುವುದಕ್ಕೂ ಅವಳು ಹತ್ತುವುದಕ್ಕೂ ನಡುವೆ ಡ್ರೈವರ್ ಚಹಾ ಕುಡಿಯುವಷ್ಟು ಹೊತ್ತು ಸಿಗುತ್ತದೆ. ನಮ್ಮ ಗೆಳೆತನವೆಲ್ಲ ಆ ಒಂದು ಚಹಾದ ಹೊತ್ತಿನಲ್ಲೇ ಬೆಳೆದದ್ದು.

ಆ ಹಣ್ಣಿನ ವಿಷಯ ಹೇಳಬೇಕು. ಕಮಲಾಪುರದ ಕೆಂಪು ಬಾಳೆ ನೋಡಲು ಗಟ್ಟಿಮುಟ್ಟು, ಒಳಗೆ ಮಹಾ ನಾಜೂಕು. ಪೂರ್ತಿ ಹಣ್ಣಾದ ಮೇಲೆ ಸ್ವಲ್ಪ ಕುಲುಕಿದರೂ ತೊಟ್ಟಿನಿಂದ ಕಳಚಿಕೊಳ್ಳುತ್ತದೆ, ಪೆಟ್ಟು ತಿಂದ ಜಾಗ ಮಧ್ಯಾಹ್ನದೊಳಗೆ ಕಪ್ಪಾಗುತ್ತದೆ. ಅದಕ್ಕೇ ಅವಳು ಬುಟ್ಟಿಗೆ ಒಣ ಬಾಳೆ ಎಲೆ ಹಾಸಿ, ಹಣ್ಣು ಜೋಡಿಸಿ, ಮೇಲೆ ಹಳೆಯ ಸೀರೆ ಹೊದಿಸಿ, ಬಾಣಂತಿ ಕೂಸನ್ನು ಒಯ್ಯುವ ಹಾಗೆ ಒಯ್ಯುತ್ತಿದ್ದಳು. ಅದನ್ನು ಬಸ್ಸಿನ ಟಾಪ್ ಮೇಲೆ ಎಸೆಯಬೇಕಂತೆ!

ನಾನು ಬಸ್ಸಿನಿಂದ ಇಳಿದವಳೇ ವಿಷಯ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಹಂಗಾದ್ರ ನಂದು ಮುಗೀತ್ರಿ ಅಕ್ಕೋರ," ಅಂದಳು. "ದಲಾಲಿ ತ್ವಾಟಕ್ಕ ಬಂದು ಗೊನಿನ ಕಡಕೊಂಡು ಒಯ್ತೀನಿ ಅಂತಾನ. ನನ್ನ ಗಂಡಗೂ ಅದ ಬೇಕಾಗ್ಯದ. ದಿನಾ ಊರು ತಿರಗೋದು ಯಾಕ, ಮನ್ಯಾಗ ಇರು ಅಂತಾನ. ನಾನ ಕೇಳಿಲ್ಲ. ಈ ಬುಟ್ಟಿ ನಂದು, ಆ ಕೋಟಿ ಹತ್ರ ಜಾಗಾ ನಂದು. ಬಸ್ಸಿನ್ಯಾಗ ಬುಟ್ಟಿ ಬ್ಯಾಡ ಅಂದ್ರ ನಾ ಮನಿ ಮೂಲ್ಯಾಗ ಕುಂದರಬೇಕು ನೋಡ್ರಿ."

"ಕುಂದರಬ್ಯಾಡ!" ಅಂದೆ. "ಇದು ಕರಡು ಅದ. ಇನ್ನೂ ಒಲಿ ಮ್ಯಾಲ ಅದ. ಉಪ್ಪು ಹೆಚ್ಚಾತು ಕಡಿಮಿ ಆತು ಅಂತ ಈಗ ಹೇಳಿದ್ರ ಕೇಳ್ತಾರ."

"ಸರ್ಕಾರದವರು ನನ್ನ ಕೇಳ್ತಾರೇನ್ರಿ?"

"ಕೇಳ್ಲಾರದೇನು! ಬರದಾರ ಅಲ್ಲಿ!"

ಅಷ್ಟರಲ್ಲಿ ಡ್ರೈವರ್ ಹಾರ್ನ್ ಬಾರಿಸಿದ. ಅವಳು ಬುಟ್ಟಿ ಎತ್ತಿಕೊಂಡು ಹತ್ತಿದಳು. ನಾನು ಶಾಲೆಗೆ ಹೋಗಿ ಎಂಟನೆಯ ತರಗತಿಗೆ ವ್ಯಾಕರಣದ ಬದಲು ಕರಡು ನಿಯಮ ಎಂದರೇನು ಎಂದು ಪಾಠ ಮಾಡಿದೆ. ಮುಖ್ಯಗುರುಗಳು ಬಾಗಿಲ ಬಳಿ ನಿಂತು ಕೇಳಿ ಹೋದರು.

ಕಮಲಾಪುರದ ಸಭೆಯ ದಿನ ಬಂತು. ಹೋದಾಗ ನೋಡುತ್ತೇನೆ, ಸಭಾಭವನದ ಬಾಗಿಲಿಗೆ ಮಾವಿನ ತೋರಣ! ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಶಾಲು, ಹಾರ, ಎರಡು ಗೊನೆ ಕೆಂಪು ಬಾಳೆ. ಬಾಳೆ ಬೆಳೆಯುವ ಊರಿನ ಹಿರಿಯರೊಬ್ಬರು ಓಡಿ ಬಂದು ನನ್ನ ಕೈಗೆ ಮೈಕು ಕೊಟ್ಟರು. "ಅಕ್ಕೋರ, ನೀವು ಕನ್ನಡ ಟೀಚರ್ ಇದ್ದೀರಿ, ನಿರೂಪಣಾ ನೀವ ಮಾಡಬೇಕು. ಸಾಹೇಬ್ರು ಮೊದಲನೇ ಸಲ ನಮ್ಮೂರಿಗಿ ಬರಾಕತ್ತಾರ."

"ನಾವು ತಕರಾರು ಹೇಳಾಕ ಬಂದೀವ್ರೀ!" ಅಂದೆ.

"ಹೇಳೋಣಂತ. ಮೊದಲ ಸನ್ಮಾನ ಆಗಲಿ."

ನಮ್ಮ ಕಡೆಯವರ ಹಣೆಬರಹವೇ ಇದು. ಊರಿಗೆ ದೊಡ್ಡವರು ಬಂದರೆ ಅವರು ಬಂದದ್ದು ಯಾಕೆ ಎಂದು ಕೇಳುವ ಮೊದಲು ಶಾಲು ಹೊದಿಸಬೇಕು. ಅಧಿಕಾರಿ ಬಂದರು. ಬಸ್ಸಿನ ನಿಯಮ ಮಾಡುವ ಪ್ರಾಧಿಕಾರದವರು, ಮೈಸೂರು ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಫೋಟೋ. ಆಮೇಲೆ ಹಿರಿಯರ ಭಾಷಣ, ಇನ್ನೊಬ್ಬ ಹಿರಿಯರ ಭಾಷಣ. ಎಲ್ಲರೂ ಸಾಹೇಬರ ಸರಳತೆಯನ್ನು ಹೊಗಳಿದರೇ ಹೊರತು ಬುಟ್ಟಿಯ ಮಾತೇ ಇಲ್ಲ. ಮೈಕು ನನ್ನ ಕೈಯಲ್ಲೇ ಇತ್ತು, ಆದರೆ ನಿರೂಪಕಿಯ ಬಾಯಿಗೆ 'ಈಗ ಮುಂದಿನ ಕಾರ್ಯಕ್ರಮ' ಅನ್ನುವುದು ಬಿಟ್ಟು ಬೇರೆ ಮಾತಿಗೆ ಎಡೆ ಎಲ್ಲಿ? ಒಳಗೊಳಗೇ ಕುದಿಯುತ್ತಿದ್ದೆ.

ಕೊನೆಗೆ ಹೇಗೋ ಮಾಡಿ ಮೈಕನ್ನು ಬಾಳೆಯವಳ ಕೈಗೆ ದಾಟಿಸಿದೆ. ಅವಳು ಎದ್ದು ನಿಂತಳು. ಅಧಿಕಾರಿ ನಕ್ಕು, "ಹೇಳಿ ತಾಯಿ," ಅಂದರು. ಅವಳು ಸೆರಗು ಸರಿಮಾಡಿಕೊಂಡು, "ನೀವು ನಮ್ಮೂರಿಗಿ ಬಂದ್ರಿ, ಭಾಳ ಛಲೋ ಆತ್ರಿ ಸಾಹೇಬ್ರ. ಹಣ್ಣು ತಿನ್ರಿ," ಎಂದು ಕುಳಿತುಬಿಟ್ಟಳು. ವಂದನಾರ್ಪಣೆ. ಚಹಾ. ಸಭೆ ಮುಗಿಯಿತು.

"ಯಾಕವಾ ಹಂಗ ಮಾಡಿದಿ?" ಎಂದು ಹೊರಗೆ ಬಂದು ಕೇಳಿದೆ, ದನಿ ಸ್ವಲ್ಪ ಜೋರಾಗಿಯೇ.

"ಬಾಗಲಿಗಿ ಬಂದವರಿಗಿ ಮಾರಿ ಮ್ಯಾಲ ಒಲ್ಲೆ ಅಂತ ಹ್ಯಾಂಗ ಅನ್ನೋದ್ರಿ?" ಅಂದಳು. ಕಣ್ಣಲ್ಲಿ ನೀರು. "ಕೊಳ್ಳಾಗ ಹಾರ ಬ್ಯಾರೆ ಇತ್ತು ಅವರಿಗಿ."

ಮುಂದಿನ ವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ ಕಲಬುರಗಿಯ ಅವರ ಕಚೇರಿಗೆ ಹೋದೆ. ಸಭೆಯ ನಡಾವಳಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದರು. 'ಕಮಲಾಪುರದ ಸಾರ್ವಜನಿಕರು ಅಧಿಕಾರಿಗಳನ್ನು ಶಾಲು ಹೊದಿಸಿ ಗೌರವಿಸಿ ಸಂತೋಷ ವ್ಯಕ್ತಪಡಿಸಿದರು. ಕರಡು ನಿಯಮಕ್ಕೆ ಯಾವುದೇ ಆಕ್ಷೇಪಣೆ ಬರಲಿಲ್ಲ.' ನನ್ನ ತಲೆಯಲ್ಲಿ ಒಗ್ಗರಣೆ ಸಿಡಿಯಿತು. ಅಲ್ಲಿನ ಗುಮಾಸ್ತರ ಮೇಜಿನ ಮುಂದೆ ನಿಂತು, "ಇದೇನ್ರೀ ಇದು? ಸಂತೋಷ ಯಾರಿಗಿ ಆಗ್ಯದ?" ಎಂದು ಕೂಗಿದೆ.

ಅವರು ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ಕನ್ನಡಕ ಹಣೆಗೇರಿಸಿ, ಕುರ್ಚಿ ತೋರಿಸಿ, ನೀರು ತರಿಸಿದರು. "ಕೂಡ್ರಿ ಬಾಯಾರ. ನಾ ಸುಳ್ಳು ಬರದೀನೇನು? ಯಾರರ ಒಬ್ಬರು ತಕರಾರು ಅದ ಅಂದಿದ್ರ ಬರೀತಿದ್ದೆ. ಹೊಗಳಿದ್ರು, ಅದನ್ನ ಬರದೆ."

ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದಕ್ಕೇ ಇನ್ನೂ ಸಿಟ್ಟು ಬಂತು. "ಈಗೇನು ಮಾಡೋದು?" ಅಂದೆ.

"ಕಲಬುರಗಿ ಸಭಾ ಇನ್ನೂ ಬಾಕಿ ಅದ. ಅಲ್ಲಿಗಿ ಬರ್ರಿ. ಆದ್ರ ಬರೇ ಬ್ಯಾಡ ಬ್ಯಾಡ ಅಂತ ಒದರಬ್ಯಾಡ್ರಿ. ಬ್ಯಾಡ ಅನ್ನೋದನ್ನ ಬರ್ಕೊಂಡು ಮೂಲ್ಯಾಗ ಇಡ್ತಾರ. ಬ್ಯಾಡ ಆದ್ರ ಅಲ್ಲಿ ಏನು ಬರೀಬೇಕು, ಆ ಮಾತು ಜೋಡಿಸಿಕೊಂಡು ತರ್ರಿ. ಅದು ಮುಂದಿನ ಟೇಬಲ್ಲಿಗಿ ಹೋಗ್ತದ."

ಮೆಟ್ಟಿಲಿಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ನಿಯಮದ ವಾಕ್ಯವನ್ನು ನಾವೇ ಬರೆಯಬಹುದು! ಇಷ್ಟು ವರ್ಷ ಮಕ್ಕಳಿಂದ ಪ್ರಬಂಧ ಬರೆಸಿದ ಕೈ ಇದು. ಸರ್ಕಾರಕ್ಕೊಂದು ವಾಕ್ಯ ಬರೆಯಲಾರದೆ?

ಬರೆಯುವುದು ಅಷ್ಟು ಸುಲಭವಲ್ಲ ಎಂದು ಮರುದಿನವೇ ಗೊತ್ತಾಯಿತು. ನಮ್ಮ ಬಸ್ಸಿನ ಕಂಡಕ್ಟರನಿಗೆ ಈ ನಿಯಮ ಬಂದದ್ದಕ್ಕೆ ಖುಷಿಯೋ ಖುಷಿ. "ಅಕ್ಕೋರ, ಹೆಣ್ಣುಮಕ್ಕಳಿಗಿ ಫ್ರೀ ಆದಾಗಿಂದ ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇಲ್ಲ. ಅದರಾಗ ನಡಬರಕ ಬುಟ್ಟಿ. ಮೊನ್ನೆ ಒಬ್ಬ ಮುದುಕಿ ಮುಗ್ಗರಿಸಿ ಬಿದ್ದು ಮೊಣಕಾಲು ಒಡಕೊಂಡಾಳ. ಬೈಗಳು ಯಾರಿಗಿ? ನನಗ!"

ಅದೂ ನಿಜ. ಬುಟ್ಟಿ ಇರಬೇಕು, ನಡುದಾರಿಯಲ್ಲಿ ಇರಬಾರದು. ಹಾಗಾದರೆ ಎಲ್ಲಿ? ಬಸ್ಸು ಕಮಲಾಪುರದಲ್ಲಿ ನಿಂತಾಗ ನಾನು, ಬಾಳೆಯವಳು, ಕಂಡಕ್ಟರ್ ಮೂವರೂ ಸೇರಿ ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳಿದೆವು. ಅರ್ಧ ಹೋಗಿ ಸಿಕ್ಕಿಕೊಂಡಿತು. ಈ ಕಡೆಯೂ ಬಾರದು, ಆ ಕಡೆಯೂ ಹೋಗದು. "ಎಳೀರಿ ಅಕ್ಕೋರ!" ಎಂದು ಅವಳು, "ಸೀಟ ಕಿತ್ತು ಬರ್ತದ, ಸಾವಕಾಶ!" ಎಂದು ಅವನು. ನಾನು ಮಂಡಿಯೂರಿ ಕುಳಿತು ಎಳೆಯುತ್ತಿದ್ದಾಗ ನನ್ನದೇ ಶಾಲೆಯ ಹುಡುಗಿಯರು ಕಿಟಕಿಯಿಂದ ನೋಡಿ ಕಿಸಿಕಿಸಿ ನಕ್ಕರು. ನಗಲಿ ಬಿಡಿ, ನನಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಕಂಡಕ್ಟರನೇ ಬಸ್ಸಿನ ಕೊನೆಗೆ ಹೋಗಿ ನಿಂತು ನೋಡಿದ. ಕೊನೆಯ ಉದ್ದ ಸೀಟಿನ ಕಿಟಕಿ ಬದಿಯ ಮೂಲೆಯಲ್ಲಿ, ಕೂತವರ ಕಾಲಿನ ಮುಂದೆ, ಬುಟ್ಟಿ ಸಲೀಸಾಗಿ ಕೂತಿತು. ಯಾರ ದಾರಿಗೂ ಅಡ್ಡವಿಲ್ಲ. "ಇಲ್ಲಿಟ್ರ ನಂದೇನು ತಕರಾರಿಲ್ಲ," ಅಂದ. ಸೊಪ್ಪಿನವರೂ ಇಡಬಹುದು, ಹೂವಿನವರೂ ಇಡಬಹುದು. ಅಲ್ಲೇ ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ವಾಕ್ಯ ಜೋಡಿಸಿದೆ: ನಡುದಾರಿಗೆ ಅಡ್ಡವಾಗದ ಹಾಗೆ, ಕೊನೆಯ ಸಾಲಿನ ಸೀಟಿನ ಮುಂದೆ, ಪ್ರಯಾಣಿಕರು ಹಣ್ಣು ತರಕಾರಿಯ ಬುಟ್ಟಿಯನ್ನು ತಮ್ಮ ಬಳಿ ಇಟ್ಟುಕೊಂಡು ಒಯ್ಯಬಹುದು. ಓದಿ ಹೇಳಿದೆ. ಬಾಳೆಯವಳು ಬಾಯಿಪಾಠ ಮಾಡಿಕೊಂಡಳು.

ಇನ್ನು ಉಳಿದದ್ದು ಅವಳ ಬಾಯಿ. ಸಾಹೇಬರ ಮುಂದೆ ಅದು ತೆರೆಯಬೇಕಲ್ಲ! ಒಂದು ಭಾನುವಾರ ಕೋಟೆಯ ಹತ್ತಿರ ಅವಳ ಜಾಗಕ್ಕೇ ಹೋಗಿ ಎದುರಿಗೆ ಕುಳಿತೆ. "ನಾ ಸಾಹೇಬ. ಬುಟ್ಟಿ ಮ್ಯಾಲ ಹಾಕಿದ್ರ ಏನು ತೊಂದರೆ ತಾಯಿ?" ಅಂದೆ.

"ನಿಮಗ ಹ್ಯಾಂಗ ಅನಸ್ತದೋ ಹಂಗ ಮಾಡ್ರಿ ಸಾಹೇಬ್ರ," ಅಂದಳು ತಲೆ ತಗ್ಗಿಸಿ.

ಮತ್ತೆ ಕೇಳಿದೆ. ಮತ್ತೆ ಅದೇ. ಇನ್ನೇನು ನಾನು ಸಿಡಿಯಬೇಕು, ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದ ಗಿರಾಕಿಯೊಬ್ಬ ಹಣ್ಣು ಹಿಸುಕಿ ನೋಡಿ, ಅರ್ಧ ರೇಟಿಗೆ ಕೊಡ್ತೀಯಾ ಎಂದು ಕೇಳಿದ. ಅವಳು ಕತ್ತೆತ್ತಿ ನೋಡಿದ ನೋಟ ಏನು ಹೇಳಲಿ! "ಆಗಂಗಿಲ್ಲ! ಕೈ ತಗೀರಿ ಮೊದಲ! ಬೇಕಾದ್ರ ಒಯ್ರಿ, ಇಲ್ಲಾಂದ್ರ ಮುಂದ ನಡೀರಿ!"

ನಾನು ಕುಳಿತಲ್ಲಿಂದ ಜಿಗಿದೆದ್ದೆ. "ಹಿಂಗ! ಹಿಂಗ ಹೇಳು ಸಾಹೇಬಗ!"

"ಅಯ್ಯ, ಅವರೇನು ಗಿರಾಕಿ ಏನ್ರಿ?"

"ಗಿರಾಕಿನ! ನಿನ್ನ ಬುಟ್ಟಿ ಬಿಟ್ಟಿ ಕೇಳಾಕತ್ತಾರ."

ಅವಳು ಹಿಸುಕಿದ ಹಣ್ಣನ್ನು ಬುಟ್ಟಿಯಲ್ಲಿ ಸರಿಯಾಗಿ ಇಟ್ಟಳು. ಆಮೇಲೆ ಗಟ್ಟಿಯಾಗಿ ನಕ್ಕಳು. ಸ್ಕೂಟರಿನವನು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಅವಳು ಹೇಳಿದ ರೇಟಿಗೇ ತೆಗೆದುಕೊಂಡು ಹೋದ.

ಕಲಬುರಗಿಯ ಸಭೆಗೆ ಕಮಲಾಪುರದಿಂದ ಬಾಳೆಯವಳ ಜೊತೆ ನಾಲ್ಕಾರು ಮಂದಿ ಬಂದರು. ಆ ಹಿರಿಯರೂ ಬಂದರು, ಕಂಕುಳಲ್ಲಿ ಒಂದು ಚೀಲ. ಇಣುಕಿ ನೋಡಿದೆ: ಶಾಲು! "ಬರಿಗೈಯಾಗ ಹ್ಯಾಂಗ ಬರೋದ್ರಿ," ಅಂದರು ಪಾಪ. ನಾನು ಚೀಲವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ನನ್ನ ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕುಳಿತುಬಿಟ್ಟೆ. ಸಭೆ ಮುಗಿಯುವವರೆಗೆ ಏಳಲಿಲ್ಲ.

ಅದೇ ಅಧಿಕಾರಿ, ಅದೇ ಮೆತ್ತಗಿನ ದನಿ. ಪಕ್ಕದಲ್ಲಿ ಗುಮಾಸ್ತರು ಪೆನ್ನು ಹಿಡಿದು ಕೂತಿದ್ದರು. ಅಧಿಕಾರಿ ಕರಡು ಓದಿ, "ಯಾರಿಗಾದರೂ ಆಕ್ಷೇಪಣೆ ಇದೆಯೇ?" ಎಂದರು. ಬಾಳೆಯವಳು ಎದ್ದಳು. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ತಕರಾರು ಅದರಿ," ಅಂದಳು.

ಗುಮಾಸ್ತರ ಪೆನ್ನು ಓಡಿತು. ಅಬ್ಬಾ!

"ಬುಟ್ಟಿಯನ್ನು ಮೇಲೆ ಹಾಕಿದರೆ ಏನು ತೊಂದರೆ?" ಎಂದು ಅಧಿಕಾರಿ ಕೇಳಿದರು.

"ಆಗಂಗಿಲ್ರೀ ಸಾಹೇಬ್ರ. ಹಣ್ಣು ಜಜ್ಜಿ ಹೋಗ್ತಾವ. ಜಜ್ಜಿದ್ದು ನೀವೂ ತಗೊಳ್ಳಂಗಿಲ್ಲ, ಯಾರೂ ತಗೊಳ್ಳಂಗಿಲ್ಲ. ಹಣ್ಣು ಹೋದ್ರ ನನ್ನ ಜಾಗಾ ಹೋಗ್ತದ, ಜಾಗಾ ಹೋದ್ರ ನಾ ಮನ್ಯಾಗ." ಒಂದೇ ಉಸಿರಿಗೆ ಹೇಳಿದಳು. ಆಮೇಲೆ ನಮ್ಮ ವಾಕ್ಯವನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

ಅಧಿಕಾರಿ ಯೋಚಿಸಿದರು. "ಬೆಳಗಿನ ಮೊದಲ ಬಸ್ಸಿಗೆ ಮಾತ್ರ ಅಂತ ಬರೆಯೋಣವೇ?"

"ಮೊದಲನೇ ಬಸ್ ತಪ್ಪಿದ್ರ ಹಣ್ಣು ನಡಕೋತ ಬರ್ತಾವೇನ್ರಿ? ಎಲ್ಲಾ ಬಸ್ಸಿಗಿ ಬರೀರಿ."

ಸಭೆಯಲ್ಲಿ ನಗು ಎದ್ದಿತು. ಅಧಿಕಾರಿಯೂ ನಕ್ಕರು. "ಸರಿ, ಎಲ್ಲಾ ಬಸ್ಸಿಗೆ. ಆದರೆ ಒಬ್ಬರಿಗೆ ಒಂದೇ ಬುಟ್ಟಿ. ಎರಡು ಕೇಳಬಾರದು."

ಅವಳು ಸೊಂಟದ ಮೇಲೆ ಕೈಯಿಟ್ಟು, ವ್ಯಾಪಾರಕ್ಕೆ ಕುಳಿತಾಗಿನ ಹಾಗೆಯೇ ತುಸು ಹೊತ್ತು ಕಾಯಿಸಿ, "ಆತ್ರಿ, ಒಂದಕ್ಕ ಮುಗಸ್ರಿ," ಅಂದಳು. ವಾರದ ರಜೆಯ ದಿನವೂ ಯೂನಿಫಾರ್ಮ್ ಹಾಕಿಕೊಂಡು ಬಂದಿದ್ದ ಕಂಡಕ್ಟರ್ ಎದ್ದು, ಕೊನೆಯ ಸಾಲಿನಲ್ಲಿ ಇಟ್ಟರೆ ತನ್ನ ಕೆಲಸಕ್ಕೂ ಅನುಕೂಲ ಎಂದ. ಅಧಿಕಾರಿ ಗುಮಾಸ್ತರ ಕಡೆ ತಿರುಗಿ "ಬರೆದುಕೊಳ್ಳಿ" ಎಂದರು. ಆ ಒಂದು ಮಾತಿಗೆ ನಾನು ಸಭೆಯಲ್ಲಿ ಇದ್ದೇನೆಂಬುದನ್ನೂ ಮರೆತು ಚಪ್ಪಾಳೆ ಹೊಡೆದೆ. ಹೊಡೆದವಳು ನಾನೊಬ್ಬಳೇ. ಹೊಡೆದರೆ ಏನೀಗ?

ಆಮೇಲೆ ಕಾಯುವುದು. ಬರೆದುಕೊಂಡದ್ದೆಲ್ಲ ನಿಯಮವಾಗುವುದಿಲ್ಲ ಎಂದು ಗುಮಾಸ್ತರು ಮೊದಲೇ ಎಚ್ಚರಿಸಿದ್ದರು. ಅದು ಬೆಂಗಳೂರಿಗೆ ಹೋಗಿ, ಮೇಜಿನಿಂದ ಮೇಜಿಗೆ ದಾಟಿ, ಅಲ್ಲಿ ಯಾರಾದರೂ ಒಂದು ಗೆರೆ ಎಳೆದರೆ ಮುಗಿಯಿತು. ದಿನಾ ಬೆಳಿಗ್ಗೆ ಬಸ್ಸು ಹತ್ತಿದವಳೇ ಡ್ರೈವರ್ ಹಿಂದಿನ ಗಾಜು ನೋಡುತ್ತಿದ್ದೆ. ಆ ನಡುವೆ ದಲಾಲಿ ತೋಟಕ್ಕೆ ಬಂದು ಗೊನೆಗಳನ್ನು ನೋಡಿಕೊಂಡು ಹೋದ. "ಬರೋ ಸೋಮವಾರ ಕಡಿಯಾಕ ಬರ್ತಾನಂತ್ರಿ," ಅಂದಳು ಒಂದು ದಿನ. "ಸಭಾದಾಗ ನಕ್ಕಂಗ ಮಾಡ್ತಾರ, ಕಡೀಕ ಅವರು ಬರದದ್ದ ಬರೋದು ಅಂತ ನನ್ನ ಗಂಡ ಅಂತಾನ." ನಾನು ಬುಟ್ಟಿಗೆ ಕೈಹಚ್ಚಿ ಬಸ್ಸಿಗೇರಿಸಿಕೊಟ್ಟೆ, ಅಷ್ಟೇ.

ಅಂತಿಮ ನಿಯಮ ಬಂದದ್ದು ಆ ವಾರದ ಶುಕ್ರವಾರ. ಗಾಜಿನ ಮೇಲೆ ಹೊಸ ಕಾಗದ! ಬಸ್ಸು ಚಲಿಸುತ್ತಿದ್ದಾಗಲೇ ಕಂಬಿ ಹಿಡಿದು ಎದ್ದು ಹೋಗಿ ಓದಿದೆ. ನನ್ನ ಕನ್ನಡವನ್ನು ತಿರುಚಿ, 'ತತ್ಸಂಬಂಧ' ಅದು ಇದು ಸೇರಿಸಿ ಹಾಳುಗೆಡವಿದ್ದರು. ಆದರೆ ಇತ್ತು! ಕೊನೆಯ ಸಾಲು, ಎಲ್ಲಾ ಬಸ್ಸು, ಒಬ್ಬರಿಗೆ ಒಂದು ಬುಟ್ಟಿ. ಇಡೀ ಬಸ್ಸಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಪಕ್ಕದ ಸೀಟಿನ ಹೆಂಗಸು ನನಗೆ ಮೈಯಲ್ಲಿ ಹುಷಾರಿದೆಯೋ ಇಲ್ಲವೋ ಎಂದು ಕೇಳಿದಳು.

ಇಳಿದವಳೇ ಬಾಳೆಯವಳಿಗೆ ಹೇಳಿದೆ. ಅವಳು ಕುಣಿಯುತ್ತಾಳೆ ಅಂದುಕೊಂಡಿದ್ದೆ. "ಇನ್ನೊಮ್ಮೆ ಹೇಳ್ರಿ," ಅಂದಳು. ಹೇಳಿದೆ. ತಲೆಯಾಡಿಸಿದಳು, ಬುಟ್ಟಿ ಎತ್ತಿಕೊಂಡು ಬಾಗಿಲ ಕಡೆ ನಡೆದಳು.

ಆ ದಿನ ನಮ್ಮ ಕಂಡಕ್ಟರ್ ರಜೆ, ಬೇರೆ ಡಿಪೋದಿಂದ ಬಂದ ಹೊಸಬ ಇದ್ದ. ಬಾಗಿಲಲ್ಲಿ ಕೈ ಅಡ್ಡ ಹಿಡಿದು, "ಬುಟ್ಟಿ ಒಳಗ ಬ್ಯಾಡ. ಹೊಸಾ ರೂಲ್ಸ್ ಬಂದಾವ, ಮ್ಯಾಲ ಹಾಕು," ಅಂದ.

ನನಗೆ ಕಣ್ಣು ಕೆಂಪಾಯಿತು. ಮುಂದೆ ನುಗ್ಗಿ ಬಾಯಿ ತೆರೆದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಗೊತ್ತದ. ಆ ರೂಲ್ಸ್ ನಾನ ಬರಿಸೀನಿ. ಹೋಗಿ ಓದ್ರಿ."

ಅವನು ಅವಳನ್ನು ನೋಡಿದ, ಬುಟ್ಟಿ ನೋಡಿದ. ಗಾಜಿನ ಹತ್ತಿರ ಹೋಗಿ ಬೆರಳಿಟ್ಟು ಓದಿದ. ವಾಪಸು ಬಂದು, ಅಡ್ಡ ಹಿಡಿದ ಕೈಯನ್ನು ತೆಗೆದ. ಅವಳು ಹತ್ತಿ, ಕೊನೆಯ ಸೀಟಿನ ಮೂಲೆಯಲ್ಲಿ ಬುಟ್ಟಿಯನ್ನು ತನ್ನ ಕಾಲ ಮುಂದೆ ಇಟ್ಟುಕೊಂಡು ಕುಳಿತು, "ಕೋಟಿಗೊಂದು ಟಿಕೀಟ ಕೊಡ್ರಿ," ಅಂದಳು.